ದೊಡ್ಡ ಟೈರ್ ಹಾಕಿಸುವ ಮುನ್ನ ಕ್ರೌನ್ ಪಿನಿಯನ್ ಹಲ್ಲು ಎಣಿಸಿ

ಕೊಯಮತ್ತೂರು: ಮೆಟ್ಟುಪಾಳ್ಯದ ಆಲೂಗಡ್ಡೆ ಮಂಡಿ, ಪಲ್ಲಡಂನ ಕೋಳಿ ಫಾರಂ, ತಿರುಪ್ಪೂರಿನ ಬನಿಯನ್ ಕಂಪನಿ, ಪೊಳ್ಳಾಚಿಯ ಎಳನೀರು ತೋಪು... ಎಲ್ಲಿ ನೋಡಿದರೂ ಈಗ ಪಿಕಪ್ ಗಾಡಿಗಳದ್ದೇ ಸಾಮ್ರಾಜ್ಯ. ಎತ್ತಿನ ಗಾಡಿ ಹೋಗಿ, ಮೆಟಡಾರ್ ಹೋಗಿ, ಊರಿಗೆ ಹತ್ತು ಪಿಕಪ್ ನಿಂತಿವೆ. ಅವುಗಳಲ್ಲಿ ಕೆಲವು ಸ್ವಲ್ಪ ಎತ್ತರವಾಗಿ, ಎದೆಯುಬ್ಬಿಸಿ ನಿಂತಂತೆ ಕಾಣುತ್ತವೆ. ಕಂಪನಿ ಕೊಟ್ಟ ಟೈರ್ ಸವೆದ ಮೇಲೆ ಒಂದೆರಡು ಸೈಜ್ ದೊಡ್ಡದು ಹಾಕಿಸಿಕೊಂಡ ಗಾಡಿಗಳವು.

ಕಾರಣಗಳಿಲ್ಲದೆ ಇಲ್ಲ. ತೋಟದ ಹಾದಿಯಲ್ಲಿ ಹೌಸಿಂಗ್ ಕಲ್ಲಿಗೆ ತಗಲುವುದಿಲ್ಲ, ಗುಂಡಿ ಬಿದ್ದರೂ ಗಾಡಿ ಕುಲುಕುವುದು ಕಡಿಮೆ, ನೋಡುವುದಕ್ಕೂ ಗತ್ತು. ಆದರೆ ದೊಡ್ಡ ಟೈರ್ ಹಾಕಿಸಿದವರು ಮೂರು ತಿಂಗಳಾದ ಮೇಲೆ ಹೇಳುವ ಮಾತುಗಳೂ ಒಂದೇ ರೀತಿ ಇರುತ್ತವೆ: ಘಾಟಿಯಲ್ಲಿ ಎಳೆಯುತ್ತಿಲ್ಲ, ಕ್ಲಚ್ ಪ್ಲೇಟ್ ಬೇಗ ಹೋಯಿತು, ಮೈಲೇಜ್ ಬಿತ್ತು, ಬ್ರೇಕ್ ಮೊದಲಿನ ಹಾಗಿಲ್ಲ. ಎಂಜಿನ್ ಕೆಟ್ಟಿತೆಂದು ಪಂಪು, ನಾಜಲ್ ಬಿಚ್ಚಿಸಿದವರೂ ಉಂಟು. ಕೆಟ್ಟದ್ದು ಎಂಜಿನ್ ಅಲ್ಲ. ಟೈರ್ ಬದಲಿಸಿದಾಗ ಗೊತ್ತಿಲ್ಲದೆಯೇ ಗಾಡಿಯ ಗೇರ್ ಕೂಡ ಬದಲಾಗಿರುತ್ತದೆ.

ಹೌಸಿಂಗ್ ಒಳಗೆ ಏನಿದೆ?

ಎಂಜಿನ್ ತಿರುಗಿದ್ದು ಗೇರ್ ಬಾಕ್ಸ್ ದಾಟಿ, ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಆಕ್ಸಲ್ ನಡುವೆ ಇರುವ ಗುಂಡನೆಯ ಹೌಸಿಂಗ್‌ಗೆ ಬರುತ್ತದೆ. ಅಲ್ಲಿ ಶಾಫ್ಟಿನ ತುದಿಗೆ ಒಂದು ಚಿಕ್ಕ ಹಲ್ಲಿನ ಗೇರ್, ಅದು ಪಿನಿಯನ್. ಅದಕ್ಕೆ ಕಚ್ಚಿಕೊಂಡು ಒಂದು ದೊಡ್ಡ ಬಳೆಯಂಥ ಗೇರ್, ಅದು ಕ್ರೌನ್. ಪಿನಿಯನ್‌ಗೆ 10 ಹಲ್ಲು, ಕ್ರೌನ್‌ಗೆ 41 ಹಲ್ಲು ಇದ್ದರೆ ಶಾಫ್ಟ್ 4.1 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಈ 4.10 ಎಂಬ ಅಂಕಿಯನ್ನೇ ಆಕ್ಸಲ್ ರೇಷಿಯೋ ಎನ್ನುವುದು. ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. ಚಿಕ್ಕದಾದಷ್ಟೂ ಓಟ ಹೆಚ್ಚು, ಎಳೆತ ಕಡಿಮೆ.

ಟೈರ್ ಇದರಲ್ಲಿ ಎಲ್ಲಿ ಬಂತು? ಮಕ್ಕಳ ಚಿಕ್ಕ ಸೈಕಲ್ಲನ್ನೂ ಅಪ್ಪನ ದೊಡ್ಡ ಸೈಕಲ್ಲನ್ನೂ ನೆನೆಸಿಕೊಳ್ಳಿ. ಎರಡಕ್ಕೂ ಪೆಡಲಿನ ಹಲ್ಲು, ಹಿಂದಿನ ಹಲ್ಲು ಒಂದೇ ಎಂದಿಟ್ಟುಕೊಂಡರೂ ದೊಡ್ಡ ಚಕ್ರದ ಸೈಕಲ್ ಒಂದು ತುಳಿತಕ್ಕೆ ಹೆಚ್ಚು ದೂರ ಹೋಗುತ್ತದೆ. ಏರು ಬಂದಾಗ ಅದೇ ಸೈಕಲ್ಲನ್ನು ಮೊದಲು ಇಳಿದು ತಳ್ಳಬೇಕಾಗುವುದು. ಪಿಕಪ್‌ನ ಕಥೆಯೂ ಅಷ್ಟೇ, ಒಂದೇ ವ್ಯತ್ಯಾಸವೆಂದರೆ ಒಂದೂವರೆ ಟನ್ ಹೇರಿಕೊಂಡು ಇಳಿದು ತಳ್ಳಲಾಗುವುದಿಲ್ಲ.

ಲೆಕ್ಕ ಹೀಗಿದೆ

ಟೈರಿನ ಪಕ್ಕದಲ್ಲಿ 215/75 ಆರ್ 15 ಎಂದು ಬರೆದಿದ್ದರೆ 215 ಎನ್ನುವುದು ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 75 ಭಾಗ. ಆರ್ ಎಂದರೆ ರೇಡಿಯಲ್. 15 ಎಂದರೆ ರಿಮ್ಮಿನ ಇಂಚು. ಗೋಡೆ 161 ಮಿ.ಮೀ. ಚಿಲ್ಲರೆ, ಮೇಲೊಂದು ಕೆಳಗೊಂದು ಸೇರಿ 322.5. ರಿಮ್ 15 ಇಂಚೆಂದರೆ 381 ಮಿ.ಮೀ. ಒಟ್ಟು ಎತ್ತರ 703.5 ಮಿ.ಮೀ.

ಇದರ ಬದಲು 235/75 ಆರ್ 15 ಹಾಕಿದರೆ ಎತ್ತರ 733.5 ಮಿ.ಮೀ., ಅಂದರೆ ನೂರಕ್ಕೆ 4.3ರಷ್ಟು ಹೆಚ್ಚು. ಲಾರಿ ಮಾದರಿಯ 7.00 ಆರ್ 15 ಹಾಕಿದರೆ ಸುಮಾರು 750ರ ಆಸುಪಾಸು. ಇದು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುವುದರಿಂದ ಅಂಗಡಿಯಲ್ಲಿ ಪಟ್ಟಿ ಕೇಳಿ ನೋಡಬೇಕು. ಹುಡುಗರು ಆಸೆಪಡುವ 31 ಇಂಚಿನ ದಪ್ಪ ಟೈರಾದರೆ 787 ಮಿ.ಮೀ., ನೂರಕ್ಕೆ 12ರಷ್ಟು ಹೆಚ್ಚು.

ಹಳೆಯ ಎಳೆತ ಮರಳಿ ಬೇಕೆಂದರೆ ಲೆಕ್ಕ ಒಂದೇ ಸಾಲಿನದು: ಹಳೆಯ ರೇಷಿಯೋವನ್ನು ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೆಯ ಟೈರಿನ ಎತ್ತರದಿಂದ ಭಾಗಿಸಿ. ಗಾಡಿಯಲ್ಲಿರುವುದು 4.10 ಎಂದಿಟ್ಟುಕೊಳ್ಳೋಣ. 31 ಇಂಚಿನ ಟೈರಿಗೆ 4.59 ಬರುತ್ತದೆ. ಅದಕ್ಕೆ ಹತ್ತಿರವಾದ ಹಲ್ಲಿನ ಜೋಡಿ 41ಕ್ಕೆ 9, ಅಂದರೆ 4.56. ಸರಿಹೊಂದುತ್ತದೆ. 235ರ ಟೈರಿಗೆ ಬರುವುದು 4.27. ಅಷ್ಟಕ್ಕಾಗಿ ಹೌಸಿಂಗ್ ಬಿಚ್ಚುವುದು ವ್ಯರ್ಥ ಖರ್ಚು ಎಂದೇ ಹೇಳಬೇಕು. ಟೈರ್ ಹೊಸದಿರುವಾಗಿನಿಂದ ಪೂರ್ತಿ ಸವೆಯುವ ಹೊತ್ತಿಗೇ ಎತ್ತರದಲ್ಲಿ ನೂರಕ್ಕೆ ಸುಮಾರು 2ರಷ್ಟು ವ್ಯತ್ಯಾಸ ಬಂದಿರುತ್ತದೆ. ಗಾಡಿ ಅದನ್ನು ತಾಳಿಕೊಳ್ಳುತ್ತದೆ. ನೂರಕ್ಕೆ 3-4 ದಾಟದಿದ್ದರೆ ಚಾಲಕನೇ ಒಂದು ಗೇರ್ ಬೇಗ ಇಳಿಸಿ ಸರಿದೂಗಿಸಿಕೊಳ್ಳಬಹುದು. ಹತ್ತು ದಾಟಿದರೆ ಆಗುವುದಿಲ್ಲ.

ಎಂಜಿನ್ ಸುತ್ತಿನಲ್ಲೂ ಇದನ್ನು ನೋಡಬಹುದು. ಗೇರ್ ಬಾಕ್ಸಿನಲ್ಲಿ ಒಂದಕ್ಕೊಂದು ಇರುವ ಗೇರಿನಲ್ಲಿ ಗಂಟೆಗೆ 60 ಕಿ.ಮೀ. ಹೋಗುವಾಗ 703 ಮಿ.ಮೀ. ಟೈರಿಗೆ ಎಂಜಿನ್ ನಿಮಿಷಕ್ಕೆ ಸುಮಾರು 1855 ಸುತ್ತು ತಿರುಗುತ್ತದೆ. 31 ಇಂಚಿನ ಟೈರಿಗೆ ಅದು 1657ಕ್ಕೆ ಇಳಿಯುತ್ತದೆ. 4.56ರ ಜೋಡಿ ಹಾಕಿದರೆ ಮತ್ತೆ 1843. ಕಂಪನಿಯವರು ಲೋಡ್ ಎಳೆಯಲೆಂದು ಎಲ್ಲಿ ಇಟ್ಟಿದ್ದರೋ ಅಲ್ಲಿಗೇ ಬಂದಂತಾಯಿತು.

ಅವಿನಾಶಿ ರಸ್ತೆಯಲ್ಲಿ, ತಿರುಪ್ಪೂರು-ಪಲ್ಲಡಂ ನಡುವೆ ಬಟ್ಟೆ ಗಂಟು ಹೇರಿಕೊಂಡು ಹೋಗುವ ಗಾಡಿಗೆ 1657 ಸುತ್ತು ತೊಂದರೆಯೇನೂ ಅಲ್ಲ. ಎಂಜಿನ್ ಸದ್ದು ತಗ್ಗಿತೆಂದು ಚಾಲಕನಿಗೆ ಖುಷಿಯೂ ಆದೀತು. ಹಾಗಾಗಿಯೇ ಬಯಲಿನ ಗಾಡಿಯವರು ಏನೂ ಆಗಲಿಲ್ಲ ಎನ್ನುತ್ತಾರೆ, ಬೆಟ್ಟದ ಕಡೆಯವರು ಆ ಮಾತು ನಂಬಿ ಕೆಡುತ್ತಾರೆ.

ಏರಿನಲ್ಲಿ ಏಳು ಮೂಟೆ

ಈ ಭಾಗದ ಪಿಕಪ್‌ಗಳಿಗೆ ಬೆಟ್ಟ ತಪ್ಪಿದ್ದಲ್ಲ. ಮೆಟ್ಟುಪಾಳ್ಯದಿಂದ ಕೂನೂರಿಗೆ 14 ತಿರುವು. ಆಳಿಯಾರ್‌ನಿಂದ ವಾಲ್ಪಾರೈಗೆ 40. ಉಡುಮಲೈ ಕಡೆಯವರಿಗೆ ಚಿನ್ನಾರ್ ದಾಟಿ ಮರಯೂರು, ಮೂನ್ನಾರ್ ರಸ್ತೆ. ಕನ್ನಡದವರು ನೆಂಟರ ಮನೆಗೂ ಮದುವೆಗೂ ಚಾಮರಾಜನಗರದ ಕಡೆಗೆ ಹೋಗಬೇಕೆಂದರೆ ಬಣ್ಣಾರಿ ಅಮ್ಮನಿಗೆ ಕೈಮುಗಿದು ದಿಂಬಂ ಹತ್ತಲೇಬೇಕು. 27 ಕೊಂಡೈ ಊಸಿ ತಿರುವುಗಳು. ತಾಳವಾಡಿ ಕಡೆಯ ಕೋಸು, ಟೊಮೆಟೊ ಇಳಿಯುವುದೂ ಇದೇ ದಾರಿಯಲ್ಲಿ.

ಟೈರ್ ನೂರಕ್ಕೆ 12 ದೊಡ್ಡದಾದರೆ ರಸ್ತೆಯ ಮೇಲೆ ಸಿಗುವ ಎಳೆತ ಪ್ರತಿ ಗೇರಿನಲ್ಲೂ ನೂರಕ್ಕೆ ಹತ್ತೂವರೆಯಷ್ಟು ಕಡಿಮೆಯಾಗುತ್ತದೆ. ಗಾಡಿ, ಸರಕು ಸೇರಿ 3000 ಕೆ.ಜಿ. ತೂಗುತ್ತದೆ ಎಂದರೆ, ಏರಿನಲ್ಲಿ ಎಂಜಿನ್‌ಗೆ ಅದು ಸುಮಾರು 3350 ಕೆ.ಜಿ.ಯಂತೆ ತೋರುತ್ತದೆ. ಐವತ್ತು ಕೆ.ಜಿ.ಯ ಏಳು ಮೂಟೆ ಬಾಡಿಗೆಯಿಲ್ಲದೆ ಹೇರಿಕೊಂಡಂತೆ! ಮೊದಲು ಎರಡನೇ ಗೇರಿನಲ್ಲಿ ಹೋಗುತ್ತಿದ್ದ ತಿರುವಿಗೆ ಒಂದನೇ ಗೇರ್ ಬೇಕಾಗುತ್ತದೆ. ಎದುರಿನಿಂದ ಬಸ್ ಬಂದು ತಿರುವಿನ ನಡುವೆ ನಿಂತರೆ ಮತ್ತೆ ಹೊರಡಿಸುವುದಕ್ಕೆ ಹಾಫ್ ಕ್ಲಚ್ಚಿನಲ್ಲಿ ಒದ್ದಾಡಬೇಕು. ಒಂದನೇ ಗೇರಿಗಿಂತ ಕೆಳಗೆ ಇನ್ನೊಂದು ಗೇರಿಲ್ಲ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುವುದು ಆಗಲೇ.

ಇಳಿಜಾರಿನ ಲೆಕ್ಕ ಬೇರೆ

ಏರಿನ ನಷ್ಟ ದುಡ್ಡಿನದು. ಇಳಿಜಾರಿನದು ಜೀವದ ಪ್ರಶ್ನೆ. ಟೈರ್, ಗೇರಿನ ಚರ್ಚೆಯಲ್ಲಿ ಅತಿ ಕಡಿಮೆ ಮಾತಿಗೆ ಬರುವುದೂ ಇದೇ.

ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುವುದು ಹಳೆಯ ಚಾಲಕರ ಪಾಠ. ಗೇರಿನಲ್ಲಿದ್ದಾಗ ಎಂಜಿನ್ ಚಕ್ರವನ್ನು ಹಿಡಿದಿಡುತ್ತದೆ, ಬ್ರೇಕಿಗೆ ಬಿಡುವು ಸಿಗುತ್ತದೆ. ಟೈರ್ ದೊಡ್ಡದಾದಾಗ ಅದೇ ವೇಗದಲ್ಲಿ ಎಂಜಿನ್ ನಿಧಾನ ತಿರುಗುತ್ತದೆ, ಅದರ ಹಿಡಿತ ಸಡಿಲವಾಗುತ್ತದೆ. ಉಳಿದ ಭಾರವೆಲ್ಲ ಬ್ರೇಕಿನ ಮೇಲೆ. ಆ ಬ್ರೇಕಿಗೂ ದೊಡ್ಡ ಟೈರ್ ಎದುರಾಳಿಯೇ. ಡ್ರಮ್ಮಿನ ಅಳತೆ ಅಷ್ಟೇ ಇದೆ, ಶೂ ಅಷ್ಟೇ ಇದೆ, ಆದರೆ ಅದು ತಡೆಯಬೇಕಾದ ಚಕ್ರ ಉದ್ದವಾದ ಸನ್ನೆಗೋಲಿನಂತಾಗಿದೆ. ಪೆಡಲನ್ನು ಮೊದಲಿನಷ್ಟೇ ತುಳಿದರೆ ರಸ್ತೆಯಲ್ಲಿ ಸಿಗುವ ತಡೆ ನೂರಕ್ಕೆ ಹತ್ತೂವರೆ ಕಡಿಮೆ. ಹೆಚ್ಚು ತುಳಿಯಬೇಕು, ಹೆಚ್ಚು ಹೊತ್ತು ತುಳಿಯಬೇಕು. ಡ್ರಮ್ ಕಾಯುತ್ತದೆ, ಕಾದಂತೆ ಲೈನರ್ ಹಿಡಿತ ಬಿಡುತ್ತದೆ. ಮೇಲಿನ ತಿರುವುಗಳಲ್ಲಿ ಚೆನ್ನಾಗಿದ್ದ ಬ್ರೇಕ್ ಕೆಳಗೆ ಬರುವಷ್ಟರಲ್ಲಿ ಪೆಡಲ್ ತುಳಿದರೂ ಗಾಡಿ ನಿಲ್ಲದ ಸ್ಥಿತಿಗೆ ಬರುವುದು ಹೀಗೆ.

ಕ್ರೌನ್ ಪಿನಿಯನ್ ಬದಲಿಸಿದರೆ ಇದು ಸರಿಹೋಗುತ್ತದೆಯೇ? ಅರ್ಧ ಮಾತ್ರ. 4.56ರ ಜೋಡಿ ಎಂಜಿನ್ನಿನ ಎಳೆತವನ್ನೂ ಎಂಜಿನ್ನಿನ ಹಿಡಿತವನ್ನೂ ಮರಳಿ ತರುತ್ತದೆ. ಬ್ರೇಕ್ ಡ್ರಮ್ ಇರುವುದು ಗೇರಿನ ಆಚೆ, ಚಕ್ರದ ಬುಡದಲ್ಲಿ. ಹೌಸಿಂಗ್ ಒಳಗೆ ಎಂಥ ಹಲ್ಲು ಹಾಕಿದರೂ ಬ್ರೇಕಿಗೆ ಅದು ಗೊತ್ತಾಗುವುದಿಲ್ಲ. ಗೇರ್ ಸೆಟ್ ಹಾಕಿಸಿದ್ದೇನೆ, ಇನ್ನು ಯಾವ ಟೈರಾದರೂ ಸರಿ ಎನ್ನುವವರು ಇದನ್ನು ಮರೆಯುತ್ತಾರೆ. ಇದರ ಮೇಲೆ ಗಾಡಿಯೂ 42 ಮಿ.ಮೀ. ಎತ್ತರವಾಗಿರುತ್ತದೆ. ಕೋಸಿನ ಮೂಟೆ ಕ್ಯಾಬಿನ್ ಮೀರಿ ಕಟ್ಟಿದ ಗಾಡಿ ತಿರುವಿನಲ್ಲಿ ವಾಲುವಾಗ ಆ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಘಾಟಿಯಲ್ಲಿ ಲೋಡ್ ಹೊಡೆಯುವ ಗಾಡಿಗೆ 31 ಇಂಚಿನ ಟೈರ್, ಗೇರ್ ಬದಲಿಸಿದರೂ ಬದಲಿಸದಿದ್ದರೂ, ಬೇಡ.

ಹಲ್ಲು ಎಣಿಸುವುದು ಹೇಗೆ?

ಅಮೆರಿಕದಲ್ಲಿ ಪಿಕಪ್ ಕೊಳ್ಳುವಾಗಲೇ ಆಕ್ಸಲ್ ರೇಷಿಯೋ ಆರಿಸಿಕೊಳ್ಳುವ ಪದ್ಧತಿಯಿದೆ. ಫೋರ್ಡ್ ಎಫ್-150 ಗಾಡಿಗೆ 3.31, 3.55, 3.73 ಎಂದು ಬೇರೆ ಬೇರೆ ಕೊಟ್ಟಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಟೈರ್-ಗೇರ್ ಪಟ್ಟಿಗಳು ಬಹುಪಾಲು ಅಲ್ಲಿನ ದೊಡ್ಡ ಪೆಟ್ರೋಲ್ ಎಂಜಿನ್‌ಗಳಿಗೆ ಮಾಡಿದವು, ಇಲ್ಲಿನ ಡೀಸೆಲ್ ಪಿಕಪ್‌ಗೆ ಹಾಗೆಯೇ ಹೊಂದುವುದಿಲ್ಲ. ಇಲ್ಲಿ ಕಂಪನಿ ಏನು ಕೊಟ್ಟಿದೆಯೋ ಅದೇ. ಆದ್ದರಿಂದ ತನ್ನ ಗಾಡಿಯ ಅಂಕಿ ಎಷ್ಟೆಂದು ಮಾಲೀಕನಿಗೆ ಗೊತ್ತಿರುವುದಿಲ್ಲ.

ಹೌಸಿಂಗ್ ಬಿಚ್ಚದೆ ತಿಳಿಯುವ ಉಪಾಯವೊಂದಿದೆ. ಮಟ್ಟಸವಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಇದು ಬಹಳ ಮುಖ್ಯ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನಾದ್ದರಿಂದ ಅದನ್ನು ಬಿಡಲೇಬೇಕಾಗುತ್ತದೆ, ಗಾಡಿಯನ್ನು ಹಿಡಿಯುವುದು ಆ ಕಲ್ಲುಗಳೇ. ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಜಾಕಿಯ ಜತೆಗೆ ಗಟ್ಟಿಯಾದ ಸ್ಟ್ಯಾಂಡ್ ಕೊಡಿ. ಚಕ್ರಕ್ಕೊಂದು, ಪ್ರೊಪೆಲ್ಲರ್ ಶಾಫ್ಟಿಗೊಂದು ಸೀಮೆಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ತಿರುಗಿತೆಂದು ಇನ್ನೊಬ್ಬರು ಎಣಿಸಲಿ. ನಾಲ್ಕು ಸುತ್ತು ಮತ್ತು ತುಸು ಹೆಚ್ಚು ಬಂದರೆ 4.1ರ ಹತ್ತಿರ. ಒಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು ತಿರುಗುತ್ತದೆ, ಅದಕ್ಕೇ ಎರಡು. ಇಪ್ಪತ್ತು ಸುತ್ತು ತಿರುಗಿಸಿ ಹತ್ತರಿಂದ ಭಾಗಿಸಿದರೆ ಅಂಕಿ ಇನ್ನೂ ಕರಾರುವಾಕ್ಕಾಗಿ ಸಿಗುತ್ತದೆ. ಡಿಫರೆನ್ಶಿಯಲ್ ಲಾಕ್ ಇರುವ ಗಾಡಿಗೆ ಈ ಉಪಾಯ ನಡೆಯುವುದಿಲ್ಲ.

ಟೈರಿನ ನಿಜವಾದ ಅಳತೆಗೂ ಸೀಮೆಸುಣ್ಣವೇ ಸಾಕು. ಲೋಡ್ ಹೇರಿದ ಗಾಡಿಯ ಟೈರಿಗೂ ನೆಲಕ್ಕೂ ಗುರುತು ಹಾಕಿ, ಒಂದು ಸುತ್ತು ಉರುಳಿಸಿ, ದೂರವನ್ನು ಟೇಪಿನಲ್ಲಿ ಅಳೆಯಿರಿ. ಭಾರಕ್ಕೆ ಟೈರ್ ಕುಸಿಯುವುದರಿಂದ ಪುಸ್ತಕದ ಲೆಕ್ಕಕ್ಕಿಂತ ಇದು ತುಸು ಕಡಿಮೆಯೇ ಬರುತ್ತದೆ.

ಜೋಡಿ ಒಡೆಯಬಾರದು

ಗೇರ್ ಬದಲಿಸಲೇಬೇಕಾದವರು ತಿಳಿಯಬೇಕಾದದ್ದು ಕೆಲವಿದೆ. ಕ್ರೌನ್ ಮತ್ತು ಪಿನಿಯನ್ನನ್ನು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ನಂಬರ್ ಕೆತ್ತಿರುತ್ತದೆ. ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಗಾಡಿಯ ಕ್ರೌನ್, ಇನ್ನೊಂದರ ಪಿನಿಯನ್ ಸೇರಿಸಿ ಕೊಟ್ಟರೆ ತೆಗೆದುಕೊಳ್ಳಬಾರದು. ಹಲ್ಲಿನ ಲೆಕ್ಕ ಸರಿಯಿದ್ದರೂ ಅದು ಕೂಗುತ್ತದೆ, ಆಮೇಲೆ ಹಲ್ಲು ಉದುರುತ್ತದೆ. ಬೇರೆ ರೇಷಿಯೋ ಜೋಡಿ ಅದೇ ಹೌಸಿಂಗಿಗೆ ಕೂರುವಂಥದ್ದೇ ಆಗಿರಬೇಕು. ಎಷ್ಟೋ ಮಾದರಿಗಳಿಗೆ ಅಂಥದ್ದು ಸಿಗುವುದೇ ಇಲ್ಲ. ಟೈರ್ ಕೊಂಡ ಮೇಲೆ ಈ ಸಂಗತಿ ಗೊತ್ತಾಗುವುದಕ್ಕಿಂತ ಮೊದಲೇ ವಿಚಾರಿಸುವುದು ಲೇಸು.

ಕೂರಿಸುವುದೂ ಎಲ್ಲರ ಕೈಯ ಕೆಲಸವಲ್ಲ. ಹಲ್ಲಿನ ನಡುವಿನ ಸಂದು ಡಯಲ್ ಗೇಜಿನಲ್ಲಿ ನೋಡಬೇಕು, ಹಲ್ಲಿಗೆ ಬಣ್ಣ ಬಳಿದು ಕಚ್ಚುವ ಜಾಗ ನಡುವೆ ಬೀಳುತ್ತದೆಯೇ ಎಂದು ಪರೀಕ್ಷಿಸಬೇಕು, ಬೇರಿಂಗ್ ಬಿಗಿತ ಸರಿಮಾಡಬೇಕು. ಕಿವಿಯಲ್ಲಿ ಕೇಳಿ ಸರಿಯೆನ್ನುವ ಮೆಕ್ಯಾನಿಕ್ ಇದಕ್ಕೆ ಬೇಡ. ಹೊಸ ಜೋಡಿ ಹಾಕಿದ ಮೊದಲ ಕೆಲವು ನೂರು ಕಿ.ಮೀ. ಪೂರ್ತಿ ಲೋಡ್ ಹೇರದೆ ಓಡಿಸಿ, ಆಯಿಲ್ ಬದಲಿಸಿದರೆ ಬಾಳಿಕೆ ಹೆಚ್ಚು. ಫೋರ್ ವೀಲ್ ಗಾಡಿಯಾದರೆ ಮುಂದಿನ ಆಕ್ಸಲ್ಲಿಗೂ ಅದೇ ರೇಷಿಯೋ ಹಾಕಲೇಬೇಕು. ಒಂದೇ ಹಾಕಿ ಫೋರ್ ವೀಲ್ ಕಚ್ಚಿಸಿದರೆ ಗಟ್ಟಿ ನೆಲದಲ್ಲಿ ಮುಂದಿನದೂ ಹಿಂದಿನದೂ ಹೊಡೆದಾಡಿಕೊಂಡು ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ.

ಹಳೆಯ ಜೀಪು ಇಟ್ಟುಕೊಂಡವರಿಗೆ ಇದು ಹೊಸ ವಿಷಯವಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದದ್ದು 39ಕ್ಕೆ 8, ಅಂದರೆ 4.88. ಯುದ್ಧ ಮುಗಿದ ಮೇಲೆ ಹೊಲಗದ್ದೆಗೆಂದು ಮಾಡಿದ ಸಿಜೆ-2ಎಗೂ, ಮುಂದೆ ಮಹೀಂದ್ರ ಕಂಪನಿ ಭಾರತದಲ್ಲಿ ತಯಾರಿಸಿದ ಸಿಜೆ-3ಬಿಯ ಮೂಲ ವಿಲ್ಲಿಸ್ ಮಾದರಿಗೂ 43ಕ್ಕೆ 8, ಅಂದರೆ 5.38. ಸೈನಿಕರಿಗೆ ಓಟ ಬೇಕಿತ್ತು, ರೈತರಿಗೆ ಎಳೆತ. ಎರಡರ ನಡುವಿನ ಅಂತರ ನೂರಕ್ಕೆ ಹತ್ತು. ನೂರಕ್ಕೆ ಹತ್ತು ದೊಡ್ಡ ಟೈರ್ ಹಾಕಿದರೆ ರೈತರ ಜೀಪು ಸೈನಿಕರ ಜೀಪಾಗಿಬಿಡುತ್ತದೆ ಎಂದೂ ಇದನ್ನು ಹೇಳಬಹುದು.

ಆರ್‌ಸಿ, ಎಫ್‌ಸಿ, ತೂಕ

ಪೊಳ್ಳಾಚಿಯ ಟಿಎನ್ 41 ಆಗಲಿ, ಮೆಟ್ಟುಪಾಳ್ಯದ ಟಿಎನ್ 40 ಆಗಲಿ, ಹಳದಿ ಬೋರ್ಡ್ ಗಾಡಿಗೆ ಟೈರಿನ ಸಂಖ್ಯೆ, ಅಳತೆ ಮತ್ತು ಆಕ್ಸಲ್ ತೂಕಗಳು ನೋಂದಣಿಯಲ್ಲಿ ದಾಖಲಾಗುವ ವಿವರಗಳು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂದು, ಅನುಮತಿಯಿಲ್ಲದ ಮಾರ್ಪಾಟು ಒಂದಕ್ಕೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದೆಂದಾಯಿತು. ಅದೇ ಮಾದರಿಯ ಬೇರೆ ವೇರಿಯೆಂಟಿಗೆ ಕಂಪನಿಯೇ ಕೊಡುವ ಅಳತೆಯಾದರೆ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳುವುದು ಜಾಣತನ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿಗೆ ನಿಲ್ಲಿಸಬೇಕಾದ ಗಾಡಿಯಿದು. ಪುಣಜನೂರು ಚೆಕ್‌ಪೋಸ್ಟಿನಲ್ಲಿ ತಪ್ಪಿಸಿಕೊಂಡರೂ ಅಲ್ಲಿ ತಪ್ಪಿಸಿಕೊಳ್ಳಲಾಗದು. ಅಪಘಾತವಾದಾಗ ವಿಮೆ ಕಂಪನಿ ಎತ್ತುವ ತಕರಾರು ಬೇರೆ.

ಇನ್ನೊಂದು, ಟೈರ್ ದೊಡ್ಡದಾದ ಮಾತ್ರಕ್ಕೆ ಹೆಚ್ಚು ಹೊರುತ್ತದೆ ಎಂದೇನಿಲ್ಲ. ಅಳತೆಯ ಪಕ್ಕದಲ್ಲೇ ಇರುವ ಅಂಕಿ ನೋಡಬೇಕು. 100 ಎಂದಿದ್ದರೆ ಒಂದು ಟೈರಿಗೆ 800 ಕೆ.ಜಿ., 105 ಎಂದಿದ್ದರೆ 925 ಕೆ.ಜಿ. ಕಾರು, ಜೀಪಿಗೆ ಮಾಡಿದ 105ರ ಟೈರ್ ಎರಡು ಸೇರಿ ಹೊರುವುದು 1850 ಕೆ.ಜಿ. ಆರ್‌ಸಿಯಲ್ಲಿ ಹಿಂದಿನ ಆಕ್ಸಲ್ ತೂಕ ಅದಕ್ಕಿಂತ ಹೆಚ್ಚಿದ್ದರೆ ಆ ಟೈರ್ ಎಷ್ಟೇ ದಪ್ಪ ಕಂಡರೂ ಪಿಕಪ್ಪಿಗೆ ಸಲ್ಲದು.

ಮೀಟರ್ ಹೇಳುವ ಸುಳ್ಳು

ಟೈರ್ ನೂರಕ್ಕೆ 12 ದೊಡ್ಡದಾದಾಗ ಮೀಟರಿನಲ್ಲಿ 60 ಕಾಣುವಾಗ ಗಾಡಿ ಓಡುತ್ತಿರುವುದು 67ರಲ್ಲಿ. ದೂರದ ಲೆಕ್ಕವೂ ತಪ್ಪುತ್ತದೆ: 1000 ಕಿ.ಮೀ. ಓಡಿದರೆ ಮೀಟರ್ ತೋರಿಸುವುದು 894. ಲೀಟರಿಗೆ 12 ಕೊಡುವ ಗಾಡಿ ಈ ಲೆಕ್ಕದಲ್ಲಿ 10.7 ಕೊಟ್ಟಂತೆ ಕಾಣುತ್ತದೆ. ಮೈಲೇಜ್ ಬಿತ್ತೆಂಬ ದೂರಿನಲ್ಲಿ ಒಂದು ಪಾಲು ಇದು. ಕಿ.ಮೀ. ಲೆಕ್ಕದಲ್ಲಿ ಬಾಡಿಗೆ ವಸೂಲು ಮಾಡುವವರಿಗೆ ಮಾತ್ರ ನಿಜವಾದ ನಷ್ಟವೇ. ಕಿ.ಮೀ.ಗೆ 20 ರೂಪಾಯಿ ಎಂದಿಟ್ಟುಕೊಂಡರೂ ಸಾವಿರ ಕಿ.ಮೀ.ಗೆ 2120 ರೂಪಾಯಿ ಕೈಬಿಟ್ಟಂತೆ. ಆಯಿಲ್ ಬದಲಿಸುವ ಅವಧಿಯೂ ಗೊತ್ತಿಲ್ಲದೆ ಮುಂದಕ್ಕೆ ಹೋಗಿರುತ್ತದೆ.

ಮೀಟರಿಗೆ ಸುತ್ತಿನ ಲೆಕ್ಕ ಹೋಗುವುದು ಗೇರ್ ಬಾಕ್ಸಿನಿಂದಾದರೆ ಕ್ರೌನ್ ಪಿನಿಯನ್ ಬದಲಿಸಿದಾಗ ಅದೂ ತಾನಾಗಿಯೇ ಸರಿಹೋಗುತ್ತದೆ. ಚಕ್ರದ ಬಳಿಯ ಸೆನ್ಸರಿನಿಂದ ಹೋಗುವ ಹೊಸ ಗಾಡಿಗಳಲ್ಲಿ ಸರಿಹೋಗುವುದಿಲ್ಲ.

ನಾಲ್ಕು ಟೈರ್ ಹಾಕಿಸಿ ದುಡ್ಡು ಮುಗಿದು, ಸ್ಟೆಪ್ನಿ ಮಾತ್ರ ಹಳೆಯ ಸೈಜಿನದೇ ಉಳಿಸಿಕೊಳ್ಳುವುದು ಎಲ್ಲೆಡೆ ಕಾಣುವ ರೂಢಿ. ಹಿಂದೆ ಪಂಕ್ಚರ್ ಆಗಿ ಅದನ್ನು ಒಂದು ಕಡೆ ಹಾಕಿದರೆ ಎಡ ಬಲ ಚಕ್ರಗಳ ಎತ್ತರ ಬೇರೆಯಾಗಿ, ನೇರ ರಸ್ತೆಯಲ್ಲೂ ಡಿಫರೆನ್ಶಿಯಲ್ ಒಳಗಿನ ಚಿಕ್ಕ ಗೇರುಗಳು ಬಿಡುವಿಲ್ಲದೆ ತಿರುಗುತ್ತಲೇ ಇರುತ್ತವೆ. ಅವು ಇರುವುದು ತಿರುವಿನಲ್ಲಿ ಸ್ವಲ್ಪ ಹೊತ್ತು ತಿರುಗಲೆಂದು, ಸತ್ಯಮಂಗಲದಿಂದ ತಿರುಪ್ಪೂರಿನವರೆಗೆ ತಿರುಗಲೆಂದಲ್ಲ. ಅಂಥ ಸ್ಟೆಪ್ನಿ ಹಾಕಿದ್ದರೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಿ ಬದಲಿಸಿಕೊಳ್ಳಬೇಕು.